ಬಾರ್ಮೆನ್ ಪ್ರಕಟಣೆ: ಅದು ನುಡಿದದ್ದು, ನುಡಿಯದೆ ಬಿಟ್ಟದ್ದು

ದುರ್ಬೋಧನೆಯು ಕ್ರಿಸ್ತನನ್ನು ಬಹಿರಂಗವಾಗಿ ನಿರಾಕರಿಸುತ್ತಾ ಸಭೆಯೊಳಗೆ ಬರುವುದು ವಿರಳ. ಬಹುಮಟ್ಟಿಗೆ ಅದು ಕ್ರಿಸ್ತನ ಪಕ್ಕದಲ್ಲಿ ಮತ್ತೊಂದು ಪೀಠವನ್ನಿಟ್ಟು, ಎರಡಕ್ಕೂ ತಲೆಬಾಗಿರೆಂದು ಕೇಳುತ್ತದೆ. ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಗಳ ಚರಿತ್ರೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣುತ್ತೇವೆ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ‘ಜರ್ಮನ್ ಕ್ರೈಸ್ತರು’ ಎಂಬ ಪಂಗಡವು ಸಭಾಡಳಿತದಲ್ಲಿ ಪ್ರಬಲವಾಯಿತು. ಅವರು ಕ್ರಿಸ್ತನ ನಾಮವನ್ನು ಬಿಡಲಿಲ್ಲ; ಜನಾಂಗದಲ್ಲಿಯೂ ರಾಷ್ಟ್ರದ ಏಳಿಗೆಯಲ್ಲಿಯೂ ದೇವರ ಪ್ರಕಟಣೆಯುಂಟೆಂದು ಕೂಡಿಸಿದರು. ಅದೇ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸಭೆಯು, ಯೆಹೂದ್ಯ ಮೂಲದವರನ್ನು ಸಭಾಸೇವೆಯಿಂದ ಹೊರಗಿಡುವ ನಿಯಮವನ್ನು ಅಂಗೀಕರಿಸಿತು. ನವೆಂಬರಿನಲ್ಲಿ ಬರ್ಲಿನ್‌ನ ಮಹಾಸಭೆಯೊಂದರಲ್ಲಿ ಆ ಪಂಗಡದ ಮುಖಂಡನೊಬ್ಬನು ಹಳೆಯ ಒಡಂಬಡಿಕೆಯನ್ನೇ ಕೈಬಿಡಬೇಕೆಂದನು. ಕೂಡಿಸುವುದರಿಂದ ಆರಂಭವಾದದ್ದು ಕಳೆಯುವುದರಲ್ಲಿ ಮುಗಿಯಿತು.

ಇದಕ್ಕೆ ಪ್ರತಿಯಾಗಿ 1934ರ ಮೇ 29ರಿಂದ 31ರವರೆಗೆ ಬಾರ್ಮೆನ್ ಪಟ್ಟಣದಲ್ಲಿ ಲೂಥರನ್, ರಿಫಾರ್ಮ್ಡ್ ಮತ್ತು ಸಂಯುಕ್ತ ಸಭೆಗಳ ಪ್ರತಿನಿಧಿಗಳು ಕೂಡಿಬಂದರು. ಅವರ ಪ್ರಕಟಣೆಯ ಕರಡು ಬಹುಪಾಲು ಕಾರ್ಲ್ ಬಾರ್ತ್ ಅವರದು. ಅದರ ಆರು ಕಲಮುಗಳಿಗೂ ಒಂದೇ ಕ್ರಮವಿದೆ: ಮೊದಲು ಸತ್ಯವೇದದ ವಾಕ್ಯ, ಅನಂತರ ಅರಿಕೆ, ಕೊನೆಗೆ ನಿರಾಕರಣೆ. ಯೋಹಾನ 14:6 ಮತ್ತು 10:1, 9ರ ಆಧಾರದ ಮೇಲೆ ಮೊದಲನೆಯ ಕಲಮು, ನಾವು ಕೇಳಿ ವಿಧೇಯರಾಗಬೇಕಾದ ದೇವರ ವಾಕ್ಯವು ಯೇಸು ಕ್ರಿಸ್ತನೊಬ್ಬನೇ ಎಂದು ಸಾರುತ್ತದೆ. ಈ ಕ್ರಮವು ನಮಗೆ ಪಾಠ. ವಾಕ್ಯವಿಲ್ಲದ ನಿರಾಕರಣೆಯು ಬರಿಯ ಕಲಹ. ನಿರಾಕರಣೆಯಿಲ್ಲದ ಅರಿಕೆಗೆ ಯಾರು ಬೇಕಾದರೂ ಸಹಿ ಹಾಕಬಹುದು.

ಆದರೂ ಬಾರ್ಮೆನ್ ಪ್ರಕಟಣೆಯು ಹಿಂಸೆಗೊಳಗಾಗುತ್ತಿದ್ದ ಯೆಹೂದ್ಯರ ಕುರಿತು ಒಂದು ಮಾತನ್ನೂ ಆಡಲಿಲ್ಲ. ರಾಜ್ಯದ ಅನ್ಯಾಯಕ್ಕೆ ಗುರಿಯಾದವರು ಕ್ರೈಸ್ತರಲ್ಲದಿದ್ದರೂ ಅವರಿಗೆ ಸಭೆಯು ಋಣಿಯೆಂದು ಡೀಟ್ರಿಕ್ ಬಾನ್‌ಹಾಫರ್ 1933ರಲ್ಲಿಯೇ ಬರೆದಿದ್ದರು. ಬಾರ್ತ್ 1967ರ ಪತ್ರವೊಂದರಲ್ಲಿ ಈ ಮೌನವನ್ನು ತಮ್ಮ ತಪ್ಪೆಂದು ಒಪ್ಪಿಕೊಂಡರು. ಅಂಥ ಮಾತನ್ನು ಅಂದಿನ ಸಭೆ ಅಂಗೀಕರಿಸುತ್ತಿರಲಿಲ್ಲ, ಆದರೂ ಅದಕ್ಕಾಗಿ ತಾವು ಹೋರಾಡದೆ ಹೋದದ್ದಕ್ಕೆ ಅದು ನೆವವಾಗದು ಎಂಬುದು ಅವರ ಅರಿಕೆ.

ಆದಕಾರಣ ದುರ್ಬೋಧನೆಯನ್ನು ಪರೀಕ್ಷಿಸುವಾಗ ನಾವು ಎರಡು ಪ್ರಶ್ನೆಗಳನ್ನು ಕೇಳತಕ್ಕದ್ದು. ಕ್ರಿಸ್ತನ ಪಕ್ಕದಲ್ಲಿ ಯಾವುದಕ್ಕೆ ಪೀಠ ಹಾಕಲಾಗಿದೆ? ಅದರಿಂದ ಹೊರಗೆ ತಳ್ಳಲ್ಪಟ್ಟವರು ಯಾರು? ನಮ್ಮ ನಾಡಿನ ಸಭೆಗಳಲ್ಲಿ ಜಾತಿಗೆ ಇಂಥ ಪೀಠವು ದೊರೆತಿರುವಲ್ಲಿ, ವಿಶ್ವಾಸಪ್ರಮಾಣವನ್ನು ತಪ್ಪಿಲ್ಲದೆ ಪಠಿಸುವುದಷ್ಟೇ ನಂಬಿಗಸ್ತಿಕೆಯಾಗದು. ಗಲಾತ್ಯ 3:28ನ್ನು ಬೋಧಿಸುವ ನಾವು, ಹೊರಗೆ ನಿಂತವರ ಪಕ್ಕದಲ್ಲಿ ನಿಂತೇ ಅದನ್ನು ಬೋಧಿಸಬೇಕು.