ಮನೆಯ ಬೀಗದ ಕೈ: ಮುಕ್ತ ತಂತ್ರಾಂಶ ಮತ್ತು ಗೃಹನಿಯಂತ್ರಣ

ಮನೆಯ ಬೀಗದ ಕೈ ಯಜಮಾನನ ಸೊಂಟದಲ್ಲಿಯೋ ಯಜಮಾನಿಯ ಸೆರಗಿನ ಗಂಟಿನಲ್ಲಿಯೋ ಇರುವುದು ಲೋಕರೂಢಿ. ಪರಸ್ಥಳಕ್ಕೆ ಹೊರಟಾಗ ನಂಬಿಕೆಯ ನೆರೆಯವರಿಗೆ ಅದನ್ನು ಒಪ್ಪಿಸಿ ಹೋದರೂ, ಹಿಂದಿರುಗಿದೊಡನೆ ಕೇಳಿ ಪಡೆಯುವ ಹಕ್ಕು ಮನೆಯವರಿಗೇ ಸೇರಿದ್ದು. ಇಂದು ಜಗತ್ತಿನ ಅಸಂಖ್ಯ ಮನೆಗಳಲ್ಲಿ ಈ ರೂಢಿಯು ಸದ್ದಿಲ್ಲದೆ ತಲೆಕೆಳಗಾಗಿದೆ. ದೀಪ, ಫ್ಯಾನು, ಬಾಗಿಲ ಬೀಗ, ನೀರಿನ ಪಂಪು, ಕಾವಲಿನ ಕ್ಯಾಮರಾ ಮೊದಲಾದವು ಮೊಬೈಲ್ ಫೋನಿನ ಸ್ಪರ್ಶಮಾತ್ರದಿಂದ ನಡೆಯುವಂತಾಗಿರುವುದೇನೋ ನಿಜ. ಆದರೆ ಅನೇಕ ಸಂದರ್ಭಗಳಲ್ಲಿ ಆ ಅಪ್ಪಣೆಯು ಪಡಸಾಲೆಯಿಂದ ಹೊರಟು, ಬಹುದೂರದ ಯಾವುದೋ ಕಂಪನಿಯ ಗಣಕಯಂತ್ರವನ್ನು ತಲುಪಿ, ಅಲ್ಲಿ ಅನುಮತಿ ಪಡೆದು, ಮರಳಿ ಅದೇ ಪಡಸಾಲೆಯ ದೀಪಕ್ಕೆ ಬಂದು ಸೇರುವುದೆಂಬುದನ್ನು ಬಲ್ಲವರು ವಿರಳ. ಹೀಗೆ ಪರಾಧೀನವಾದ ಬೀಗದ ಕೈಯನ್ನು ಮನೆಗೆ ಮರಳಿ ತರುವ ಸಾಧನವೊಂದುಂಟು. ಮುಕ್ತ ತಂತ್ರಾಂಶದಿಂದ ನಡೆಯುವ, ಮನೆಯೊಳಗೇ ನೆಲಸಿದ ಗೃಹನಿಯಂತ್ರಣ ಕೇಂದ್ರವೇ ಅದು. ಅದರ ಸ್ವರೂಪವನ್ನೂ ಗುಣವನ್ನೂ ಅದು ಹೊರಿಸುವ ಹೊಣೆಯನ್ನೂ ಅರಿಯುವುದು ಇಂದಿನ ಗೃಹಸ್ಥರಿಗೆ ಅವಶ್ಯವಾಗಿದೆ.

ಗೃಹೋಪಕರಣಗಳನ್ನು ಕುಳಿತಲ್ಲಿಂದಲೇ ನಡೆಸಬೇಕೆಂಬ ಹಂಬಲವು ಹೊಸದಲ್ಲ. ೧೯೭೫ರಲ್ಲಿ ಸ್ಕಾಟ್ಲೆಂಡಿನ ಪೀಕೋ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆಯು 'ಎಕ್ಸ್-೧೦' ಎಂಬ ಪದ್ಧತಿಯನ್ನು ರೂಪಿಸಿತು. ಗೋಡೆಯೊಳಗಣ ವಿದ್ಯುತ್ ತಂತಿಯ ಮೂಲಕವೇ ಸಂಕೇತಗಳನ್ನು ಹರಿಯಿಸಿ ದೀಪಗಳನ್ನು ಹೊತ್ತಿಸುವ, ಆರಿಸುವ ಉಪಾಯವದು. ಅದರಲ್ಲಿ ಒಟ್ಟು ೨೫೬ ಉಪಕರಣಗಳಿಗೆ ಬೇರೆ ಬೇರೆ ವಿಳಾಸಗಳನ್ನು ಕೊಡಬಹುದಾಗಿತ್ತು. ಸಂಕೇತಗಳು ದಾರಿತಪ್ಪುವುದು ಮುಂತಾದ ಕುಂದುಗಳು ಅದರಲ್ಲಿದ್ದರೂ ಒಂದು ದೊಡ್ಡ ಗುಣವಿತ್ತು: ಅಪ್ಪಣೆ ಕೊಡುವುದೂ ಅದನ್ನು ನಡೆಸುವುದೂ ಮನೆಯ ಗೋಡೆಗಳೊಳಗೇ ಮುಗಿಯುತ್ತಿತ್ತು.

ಅಂತರ್ಜಾಲವು ಮನೆಮನೆಗೂ ಬಂದ ಬಳಿಕ ಈ ಕ್ರಮವು ಬದಲಾಯಿತು. ಮನೆಯ ಉಪಕರಣಗಳನ್ನೆಲ್ಲ ಒಂದೆಡೆಗೆ ಕೂಡಿಸುವ ಪುಟ್ಟ ಯಂತ್ರಕ್ಕೆ 'ಹಬ್' ಎಂದು ಹೆಸರು. ಹಬ್ ಎಂದರೆ ಬಂಡಿಯ ಗಾಲಿಯ ನಾಭಿ. ಗಾಲಿಯ ಕಡ್ಡಿಗಳೆಲ್ಲ ಬಂದು ಕೂಡುವ ಸ್ಥಾನ. ಹೆಸರು ಸಾರ್ಥಕವಾದುದೇ. ಆದರೆ ಮಾರುಕಟ್ಟೆಗೆ ಬಂದ ಹಬ್‌ಗಳಲ್ಲಿ ಅನೇಕವು ನಾಭಿಯಂತೆ ತೋರಿದರೂ ನಿಜವಾದ ವಿವೇಚನೆಯನ್ನು ಕಂಪನಿಯ 'ಕ್ಲೌಡ್'ಗೆ ಬಿಟ್ಟುಕೊಟ್ಟವು. ಕ್ಲೌಡ್ ಎಂದರೆ ಮೋಡವಾದರೂ ಅದು ಆಕಾಶದಲ್ಲಿರುವ ವಸ್ತುವಲ್ಲ. ಭೂಮಿಯ ಮೇಲೆಯೇ ಬೃಹತ್ ಕಟ್ಟಡಗಳಲ್ಲಿ ಸಾಲುಗಟ್ಟಿ ನಿಂತ ಅನ್ಯರ ಗಣಕಯಂತ್ರಗಳ ಸಮೂಹ.

ಇದರ ಪರಿಣಾಮವೇನೆಂಬುದಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ. ಅಮೆರಿಕದಲ್ಲಿ 'ರಿವಾಲ್ವ್' ಎಂಬ ಹಬ್ಬನ್ನು ಸುಮಾರು ೩೦೦ ಡಾಲರುಗಳಿಗೆ ಮಾರಲಾಗುತ್ತಿತ್ತು. ೨೦೧೪ರಲ್ಲಿ ನೆಸ್ಟ್ ಎಂಬ ಕಂಪನಿಯು ಆ ಸಂಸ್ಥೆಯನ್ನು ಕೊಂಡಿತು. ೨೦೧೬ರ ಮೇ ೧೫ರಂದು ಅದರ ಸೇವೆಯನ್ನು ನಿಲ್ಲಿಸಿತು. ಯಂತ್ರವು ಕೆಟ್ಟಿರಲಿಲ್ಲ, ಸವೆದಿರಲಿಲ್ಲ. ಆದರೂ ಕೊಂಡವರ ಮನೆಗಳಲ್ಲಿ ಅದು ನಿರುಪಯೋಗಿಯಾಯಿತು. ೨೦೨೨ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಮತ್ತೊಂದು ಕಂಪನಿಯ ಕ್ಲೌಡ್ ಮುನ್ಸೂಚನೆಯಿಲ್ಲದೆ ನಿಂತುಹೋಯಿತು. ಆಗ ಕಂಪನಿಯ ಕ್ಲೌಡ್ ಸೇವೆಯನ್ನೇ ನೆಚ್ಚಿದವರ ವ್ಯವಸ್ಥೆ ಸ್ಥಗಿತಗೊಂಡಿತು. ಅದೇ ಉಪಕರಣಗಳನ್ನು ಮನೆಯೊಳಗಣ ಮುಕ್ತ ತಂತ್ರಾಂಶದಿಂದ ನಡೆಸುತ್ತಿದ್ದವರ ದೀಪಗಳು ಎಂದಿನಂತೆ ಬೆಳಗಿದವು. ಕೆಲವು ವಾರಗಳ ಬಳಿಕ ಬಳಕೆದಾರರ ಗುಂಪೊಂದು ಆ ಕಂಪನಿಯ ಆಸ್ತಿಯನ್ನು ಕೊಂಡು ಸೇವೆಯನ್ನು ಮರಳಿ ಆರಂಭಿಸಿತೆಂಬುದು ಸಮಾಧಾನದ ಸಂಗತಿಯಾದರೂ ಎಲ್ಲರಿಗೂ ಅಂಥ ಅದೃಷ್ಟ ಒದಗದು. ಕಂಪನಿಯು ಮುಚ್ಚಲೇಬೇಕೆಂದೂ ಇಲ್ಲ. ೨೦೨೧ರ ಡಿಸೆಂಬರ್ ೭ರಂದು ಅಮೆಜಾನ್ ಸಂಸ್ಥೆಯ ಕ್ಲೌಡ್ ಸೇವೆಯಲ್ಲಿ ಅಡಚಣೆಯುಂಟಾದಾಗ ಕಸಗುಡಿಸುವ ಯಂತ್ರಗಳೂ ಬಾಗಿಲಗಂಟೆಯ ಕ್ಯಾಮರಾಗಳೂ ಅನೇಕರಿಗೆ ಉಪಯೋಗಕ್ಕೆ ಬಾರದಾದವು. ಅಂಗಳದ ಕಸ ಗುಡಿಸಲು ಪರದೇಶದ ಯಂತ್ರಾಗಾರದ ಕ್ಷೇಮವನ್ನು ಹಾರೈಸಬೇಕಾದ ಸ್ಥಿತಿ ವಿಚಿತ್ರವೇ ಸರಿ.

ಅನುಕೂಲಕ್ಕಿಂತ ಮಿಗಿಲಾದ ಮತ್ತೊಂದು ವಿಷಯವೆಂದರೆ ಮನೆಯ ಮರ್ಯಾದೆ. ಮಕ್ಕಳು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಉದ್ಯೋಗದಲ್ಲಿದ್ದು, ವೃದ್ಧ ತಾಯಿತಂದೆಗಳು ಊರಿನಲ್ಲಿ ಇರುವ ಮನೆಗಳು ಇಂದು ಹಲವು. ಚಲನೆಯನ್ನು ಗುರುತಿಸುವ ಸಣ್ಣ ಸಂವೇದಕವೊಂದು ತಾಯಿಯು ಬೆಳಗ್ಗೆ ಎದ್ದು ಅಡುಗೆಮನೆಗೆ ಬಂದಳೆಂಬುದನ್ನು ಮಕ್ಕಳಿಗೆ ತಿಳಿಸಬಲ್ಲುದು. ಇದು ನಿಜವಾದ ಉಪಕಾರ. ಆದರೆ ಅವಳು ಎದ್ದ ಹೊತ್ತು, ಮಲಗಿದ ಹೊತ್ತು, ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಇವೆಲ್ಲ ಕುಟುಂಬದವರು ಮಾತ್ರ ತಿಳಿಯತಕ್ಕ ಸಂಗತಿಗಳು. ೨೦೨೩ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ರಿಂಗ್ ಎಂಬ ಕ್ಯಾಮರಾ ಕಂಪನಿಯ ನೌಕರರಿಗೂ ಗುತ್ತಿಗೆದಾರರಿಗೂ ಗ್ರಾಹಕರ ಖಾಸಗಿ ದೃಶ್ಯಗಳನ್ನು ನೋಡಲು ಎಡೆಯಿತ್ತೆಂದು ಆರೋಪಿಸಿತು. ವ್ಯಾಜ್ಯದ ಪರಿಹಾರಕ್ಕಾಗಿ ಕಂಪನಿಯು ೫೮ ಲಕ್ಷ ಡಾಲರುಗಳನ್ನು ತೆರಬೇಕಾಯಿತು. ಮಾಹಿತಿಯು ಹೊಸಿಲು ದಾಟಿದ ಮೇಲೆ ಅದರ ಮೇಲಣ ಹಿಡಿತವೂ ಹೊಸಿಲು ದಾಟಿತೆಂದೇ ತಿಳಿಯಬೇಕು.

ಇದಕ್ಕೆ ಪ್ರತಿಯಾಗಿ ಬೆಳೆದು ಬಂದ ತಂತ್ರಾಂಶಗಳಲ್ಲಿ ಎರಡನ್ನು ಮುಖ್ಯವಾಗಿ ಹೆಸರಿಸಬಹುದು. ಮೊದಲನೆಯದು ೨೦೧೦ರಲ್ಲಿ ಜರ್ಮನಿಯ ಕೈ ಕ್ರಾಯ್ಟ್ಸರ್ ಆರಂಭಿಸಿದ 'ಓಪನ್‌ಹ್ಯಾಬ್'. ಎರಡನೆಯದು ನೆದರ್ಲೆಂಡ್ಸ್ ಮೂಲದ ಪೌಲುಸ್ ಸ್ಖೌಟ್ಸೆನ್ ೨೦೧೩ರಲ್ಲಿ ಪ್ರಾರಂಭಿಸಿದ 'ಹೋಮ್ ಅಸಿಸ್ಟೆಂಟ್'. ಎರಡನೆಯದರ ಹುಟ್ಟು ಬಹು ಸರಳವಾದುದು. ಮನೆಗೆ ಜನ ಬಂದರೇ ಎಂಬುದನ್ನು ಅವರ ಫೋನಿನಿಂದ ಅರಿತು, ಹೊತ್ತು ಮುಳುಗಿದ್ದರೆ ದೀಪ ಹೊತ್ತಿಸುವುದು, ಎಲ್ಲರೂ ಹೊರಟುಹೋದರೆ ಆರಿಸುವುದು, ಇಷ್ಟೇ ಅದರ ಮೊದಲ ಕೆಲಸವಾಗಿತ್ತು. ಪೈಥಾನ್ ಎಂಬ ಗಣಕಭಾಷೆಯಲ್ಲಿ ಬರೆದ ಆ ಸಣ್ಣ ಕ್ರಮವಿಧಿಯು ಈಗ ಸಾವಿರಕ್ಕೂ ಮಿಕ್ಕ ಬಗೆಯ ಉಪಕರಣಗಳನ್ನೂ ಸೇವೆಗಳನ್ನೂ ಒಂದುಗೂಡಿಸುತ್ತಿದೆ. ಗಿಟ್‌ಹಬ್ ಸಂಸ್ಥೆಯ ೨೦೨೪ರ ವಾರ್ಷಿಕ ವರದಿಯಂತೆ, ಅತ್ಯಧಿಕ ಸಂಖ್ಯೆಯ ಜನರು ಕೈಜೋಡಿಸಿದ ಮುಕ್ತ ತಂತ್ರಾಂಶ ಇದೇ. ಅವರ ಸಂಖ್ಯೆ ೨೧,೦೦೦ಕ್ಕೂ ಹೆಚ್ಚು.

'ಮುಕ್ತ' ಎಂಬ ವಿಶೇಷಣದ ಅರ್ಥವನ್ನು ಇಲ್ಲಿ ವಿಶದಪಡಿಸಬೇಕು. ಪ್ರತಿಯೊಂದು ತಂತ್ರಾಂಶಕ್ಕೂ ಮನುಷ್ಯರು ಓದಬಲ್ಲ ಒಂದು ಮೂಲಪಾಠವಿರುತ್ತದೆ. ಕಂಪನಿಗಳು ಸಾಮಾನ್ಯವಾಗಿ ಅದನ್ನು ಬಚ್ಚಿಟ್ಟು, ಯಂತ್ರವಷ್ಟೇ ಓದಬಲ್ಲ ರೂಪವನ್ನು ಮಾರುತ್ತವೆ. ಮುಕ್ತ ತಂತ್ರಾಂಶದಲ್ಲಿ ಮೂಲಪಾಠವೇ ಸರ್ವರ ಮುಂದೆ ತೆರೆದಿರುತ್ತದೆ. ಬಲ್ಲವರು ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ಓಲೆಗರಿಯ ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಒಂದೇ ಪ್ರತಿಯಿದ್ದು ಅದೂ ಒಬ್ಬರ ಪೆಟ್ಟಿಗೆಯಲ್ಲಿ ಬೀಗ ಬಿದ್ದಿದ್ದರೆ ಆ ಕೃತಿಯ ಆಯುಸ್ಸು ಆ ಪೆಟ್ಟಿಗೆಯ ಆಯುಸ್ಸೇ. ಹಲವು ಊರುಗಳಲ್ಲಿ ಹಲವು ಪ್ರತಿಗಳಿದ್ದರೆ ಒಂದರ ಲೋಪವನ್ನು ಇನ್ನೊಂದು ತುಂಬುತ್ತದೆ. ರಿವಾಲ್ವ್ ಹಬ್ಬಿನ ಗತಿ ಮೊದಲನೆಯ ಬಗೆಯದು.

ಈ ತಂತ್ರಾಂಶವು ಕೆಲಸಮಾಡುವ ಬಗೆಯನ್ನು ವ್ಯಾಕರಣದ ಸಹಾಯದಿಂದ ಸುಲಭವಾಗಿ ಗ್ರಹಿಸಬಹುದು. ಸ್ವಯಂಚಾಲನೆಯ ಪ್ರತಿಯೊಂದು ವಿಧಿಯಲ್ಲಿಯೂ ಮೂರು ಅಂಗಗಳು: ಪ್ರಚೋದಕ, ನಿಬಂಧನೆ, ಕ್ರಿಯೆ. "ಸೂರ್ಯನು ಮುಳುಗಿದೊಡನೆ, ಮನೆಯಲ್ಲಿ ಜನರಿದ್ದರೆ, ಪಡಸಾಲೆಯ ದೀಪ ಹೊತ್ತಲಿ" ಎಂಬ ವಾಕ್ಯವನ್ನು ನೋಡಬಹುದು. 'ಮುಳುಗಿದೊಡನೆ' ಎಂಬುದು ಪ್ರಚೋದಕ. ಅದು ಸಂಭವಿಸಿದ ಕ್ಷಣದಲ್ಲಿ ಯಂತ್ರವು ಎಚ್ಚರಗೊಳ್ಳುತ್ತದೆ. 'ಇದ್ದರೆ' ಎಂಬ ಪಕ್ಷಾರ್ಥಕವೇ ನಿಬಂಧನೆ. ಅದು ನೆರವೇರದಿದ್ದರೆ ಮುಂದಿನ ಮಾತಿಲ್ಲ. 'ಹೊತ್ತಲಿ' ಎಂಬ ವಿಧ್ಯರ್ಥವೇ ಕ್ರಿಯೆ. ಇಂಥ ವಾಕ್ಯಗಳನ್ನು ತೆರೆಯ ಮೇಲೆ ಆಯ್ಕೆಗಳನ್ನು ಒತ್ತುತ್ತ ರಚಿಸಬಹುದು. ಮೇಲಿನ ತೊಟ್ಟಿ ತುಂಬಿದೊಡನೆ ಪಂಪು ನಿಲ್ಲುವಂತೆಯೂ, ಅನಿಲ ಸೋರಿದರೆ ಗಂಟೆ ಬಾರಿಸುವಂತೆಯೂ ವಿಧಿಸಬಹುದು.

ವಿಧಿಯು ಹಬ್ಬಿನಿಂದ ಉಪಕರಣಕ್ಕೆ ತಲುಪುವುದು ರೇಡಿಯೋ ಅಲೆಗಳ ಮೂಲಕ. ಅದಕ್ಕೆ ವೈ-ಫೈ ಅಲ್ಲದೆ ಬೇರೆ ಪದ್ಧತಿಗಳೂ ಇವೆ. ಅವುಗಳಲ್ಲೊಂದು 'ಜಿಗ್‌ಬೀ', ಜೇನ್ನೊಣಗಳು ತಮ್ಮ ಸಂಗಡಿಗರಿಗೆ ಹೂವಿನ ದಾರಿ ತಿಳಿಸಲು ಮಾಡುವ ಓಲಾಟದ ನೃತ್ಯದಿಂದ ಬಂದ ಹೆಸರದು. ಇದರಲ್ಲಿ ವಿದ್ಯುತ್ ತಂತಿಗೆ ಜೋಡಿಸಿದ ಪ್ರತಿಯೊಂದು ಉಪಕರಣವೂ ಸಾಮಾನ್ಯವಾಗಿ ಮುಂದಿನದಕ್ಕೆ ಸಂದೇಶವನ್ನು ದಾಟಿಸುವುದರಿಂದ ದೊಡ್ಡ ಮನೆಯ ಮೂಲೆಯನ್ನೂ ತಲುಪಬಹುದು. ಬ್ಯಾಟರಿಯ ಸಂವೇದಕಗಳು ಅಲ್ಪಶಕ್ತಿಯಿಂದ ಬಹುಕಾಲ ಬಾಳುತ್ತವೆ. ಇನ್ನೊಂದು 'ಜೆಡ್-ವೇವ್'. ಇದರ ತರಂಗಸಂಖ್ಯೆಯು ದೇಶದಿಂದ ದೇಶಕ್ಕೆ ಭಿನ್ನ: ಭಾರತದಲ್ಲಿ ೮೬೫.೨ ಮೆಗಾಹರ್ಟ್ಸ್, ಅಮೆರಿಕದಲ್ಲಿ ೯೦೮.೪ ಮೆಗಾಹರ್ಟ್ಸ್. ಆದಕಾರಣ ಅಮೆರಿಕದಲ್ಲಿರುವ ಬಂಧುಗಳು ಪ್ರೀತಿಯಿಂದ ತಂದುಕೊಟ್ಟ ಜೆಡ್-ವೇವ್ ಉಪಕರಣವು ಇಲ್ಲಿ ಕೊಂಡ ಹಬ್ಬಿನೊಡನೆ ಮಾತಾಡದು. ೨೦೨೨ರ ಅಕ್ಟೋಬರಿನಲ್ಲಿ ಪ್ರಕಟವಾದ 'ಮ್ಯಾಟರ್' ಎಂಬ ಸಾಮಾನ್ಯ ನಿಯಮವು ಬೇರೆ ಬೇರೆ ಕಂಪನಿಗಳ ಉಪಕರಣಗಳು ಮನೆಯ ಜಾಲದೊಳಗೇ ಪರಸ್ಪರ ವ್ಯವಹರಿಸಲು ದಾರಿಮಾಡಿದೆ.

ಇದನ್ನು ಸ್ಥಾಪಿಸಲು ದೊಡ್ಡ ಯಂತ್ರವೇನೂ ಬೇಕಿಲ್ಲ. ಬ್ರಿಟನ್ನಿನಲ್ಲಿ ೨೦೧೨ರಲ್ಲಿ ಹೊರಬಂದ ರಾಸ್ಪ್‌ಬೆರ್ರಿ ಪೈ ಎಂಬ ಅಂಗೈಯಗಲದ ಗಣಕದ ಈಚಿನ ಮಾದರಿಯೊಂದು ಸಾಕು. ಮನೆಯಲ್ಲಿ ಮೂಲೆಗುಂಪಾದ ಹಳೆಯ ಕಂಪ್ಯೂಟರೂ ಆದೀತು. ಸ್ವತಃ ಜೋಡಿಸಲಾರದವರಿಗಾಗಿ ತಂತ್ರಾಂಶವನ್ನು ಅಳವಡಿಸಿಯೇ ಮಾರುವ 'ಹೋಮ್ ಅಸಿಸ್ಟೆಂಟ್ ಗ್ರೀನ್' ಎಂಬ ಹಬ್ ೨೦೨೩ರಲ್ಲಿ ೯೯ ಡಾಲರ್ ಬೆಲೆಗೆ ಬಿಡುಗಡೆಯಾಯಿತು. ಜಿಗ್‌ಬೀ ಉಪಕರಣಗಳಿದ್ದರೆ ಅದಕ್ಕೆಂದೇ ಇರುವ ಸಣ್ಣ ರೇಡಿಯೋ ಕಡ್ಡಿಯೊಂದನ್ನು ಚುಚ್ಚಬೇಕು; ಅದನ್ನು ಗಣಕಕ್ಕೆ ಅಂಟಿಸಿದಂತಿಡದೆ ಒಂದು ಮೊಳ ತಂತಿಯ ತುದಿಯಲ್ಲಿಟ್ಟರೆ ಅಡಚಣೆ ಕಡಿಮೆ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಅಂತರ್ಜಾಲದ ತಂತಿ ತುಂಡಾದರೂ, ಹಬ್ಬಿಗೂ ಮನೆಯ ವೈ-ಫೈ ಪೆಟ್ಟಿಗೆಗೂ ಇನ್ವರ್ಟರಿನ ಆಸರೆಯಿದ್ದರೆ ಮನೆಯೊಳಗಣ ವಿಧಿಗಳು ನಿಲ್ಲುವುದಿಲ್ಲ.

ಹಾಗೆಂದು ಇದನ್ನು ನಿಶ್ಚಿಂತೆಯ ಮಾರ್ಗವೆಂದು ಬಗೆಯಲಾಗದು. ಒಡೆತನದ ಜೊತೆಗೆ ಹೊಣೆಯೂ ಬರುತ್ತದೆ. ತಂತ್ರಾಂಶವು ತಿಂಗಳಿಗೊಮ್ಮೆ ಪರಿಷ್ಕಾರಗೊಳ್ಳುತ್ತದೆ. ಕೆಲವೊಮ್ಮೆ ಪರಿಷ್ಕರಣದಿಂದಲೇ ಹಿಂದಿನ ಏರ್ಪಾಡು ಕದಲುವುದುಂಟು. ಎಲ್ಲ ವಿಧಿಗಳ ಪ್ರತಿಯೊಂದನ್ನು ಬೇರೆಡೆ ಕಾದಿರಿಸಬೇಕು. ಸಣ್ಣ ಮೆಮೊರಿ ಕಾರ್ಡುಗಳು ಪದೇ ಪದೇ ಬರೆಯುವುದರಿಂದ ಸವೆದು ಹಠಾತ್ತನೆ ಕೆಡುತ್ತವೆ. ಕ್ಲೌಡ್ ಇಲ್ಲದೆ ನಡೆಯಲಾರದ ಉಪಕರಣಗಳೂ ಉಂಟು. ಕೊಳ್ಳುವ ಮೊದಲೇ ಅದನ್ನು ವಿಚಾರಿಸಬೇಕು. ದೂರದಿಂದ ಮನೆಯನ್ನು ನೋಡಬೇಕಾದರೆ ಭದ್ರವಾದ ಮಾರ್ಗವನ್ನೇ ಹಿಡಿಯಬೇಕು. ಮುಕ್ತವಾದುದು ನಿರ್ದುಷ್ಟವೆಂದೂ ಅರ್ಥವಲ್ಲ: ೨೦೧೭ರಿಂದಲೂ ಅಡಗಿದ್ದ ಗಂಭೀರವಾದ ಭದ್ರತಾಲೋಪವೊಂದು ಹೋಮ್ ಅಸಿಸ್ಟೆಂಟಿನಲ್ಲಿ ೨೦೨೩ರಲ್ಲಿ ಬೆಳಕಿಗೆ ಬಂದಿತು. ಹೊರಗಿನ ಪರೀಕ್ಷಕರು ಅದನ್ನು ಕಂಡುಹಿಡಿದರು. ಲೋಪವನ್ನು ತಿದ್ದಿ, ಸಂಗತಿಯನ್ನು ಬಹಿರಂಗವಾಗಿ ಸಾರಲಾಯಿತು. ಇನ್ನು ಮನೆಯಲ್ಲಿ ಒಬ್ಬರೇ ಬಲ್ಲವರಿದ್ದರೆ, ಅವರು ಊರಿಲ್ಲದಾಗ ಉಳಿದವರು ಕತ್ತಲಲ್ಲಿ ಕೂರುವಂತಾಗಬಾರದು. ಗೋಡೆಯ ಸ್ವಿಚ್ಚು ಎಂದಿನಂತೆ ಕೆಲಸಮಾಡುತ್ತಿರಬೇಕು. ಏರ್ಪಾಡಿನ ವಿವರಗಳನ್ನು ಪುಸ್ತಕವೊಂದರಲ್ಲಿ ತಿಳಿಗನ್ನಡದಲ್ಲಿ ಬರೆದಿಡಬೇಕು.

ತಂತ್ರಾಂಶವೇ ಮುಂದೊಂದು ದಿನ ಯಾವುದೋ ಕಂಪನಿಯ ಪಾಲಾದರೆ ಗತಿಯೇನು ಎಂಬ ಶಂಕೆ ಸಹಜ. ಇದಕ್ಕೆ ಉತ್ತರವೆಂಬಂತೆ ೨೦೨೪ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನೆಲಸಿದ 'ಓಪನ್ ಹೋಮ್ ಫೌಂಡೇಶನ್' ಎಂಬ ಲಾಭನಿರಪೇಕ್ಷ ಪ್ರತಿಷ್ಠಾನಕ್ಕೆ ಹೋಮ್ ಅಸಿಸ್ಟೆಂಟನ್ನು ಒಪ್ಪಿಸಲಾಯಿತು. ಖಾಸಗಿತನ, ಆಯ್ಕೆಯ ಸ್ವಾತಂತ್ರ್ಯ, ಬಾಳಿಕೆ ಎಂಬ ಮೂರು ತತ್ತ್ವಗಳನ್ನು ಅದು ಅಂಗೀಕರಿಸಿದೆ. ಕೆರೆಯನ್ನು ಕಟ್ಟಿಸಿದವನು ಅದನ್ನು ಊರಿಗೆ ಬಿಟ್ಟುಕೊಡುವ ಪದ್ಧತಿಯನ್ನು ಬಲ್ಲ ನಾಡಿಗೆ ಇಂಥ ನಡೆ ಅಪರಿಚಿತವೆನಿಸದು.

ಎಲ್ಲ ಮನೆಗಳಿಗೂ ಸ್ವಯಂಚಾಲನೆ ಬೇಕೇ ಎಂದರೆ, ಬೇಕೆಂದೇನೂ ಇಲ್ಲ. ಕೈಚಾಚಿದರೆ ಸಿಗುವ ಸ್ವಿಚ್ಚಿಗೆ ಸಮನಾದ ಸರಳ ಸಾಧನ ಇನ್ನೊಂದಿಲ್ಲ. ಆದರೆ ಅಂಥ ಉಪಕರಣವನ್ನು ಮನೆಗೆ ತರಲು ಮನಸ್ಸು ಮಾಡಿದವರು ಬೆಲೆಯನ್ನೂ ಅಂದವನ್ನೂ ವಿಚಾರಿಸುವಂತೆಯೇ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಅಂತರ್ಜಾಲವು ನಿಂತ ದಿನ, ಮಾಡಿದ ಕಂಪನಿಯು ಮುಚ್ಚಿದ ದಿನ, ಇದು ಮನೆಯವರ ಮಾತನ್ನು ಕೇಳುವುದೇ? ಕೇಳುವುದೆಂದಾದರೆ ಅದು ಕೊಂಡವರ ಸ್ವತ್ತು. ಇಲ್ಲವೆಂದಾದರೆ, ಪೂರ್ಣಬೆಲೆ ತೆತ್ತಿದ್ದರೂ ಅದು ಎರವಿನ ಒಡವೆಯೇ.