ಬಿಸಿಲಿಗೆ ಕೊಡೆ ಹಿಡಿಯುವ ಮುನ್ನ



ಕೊಳತ್ತೂರಿನವರಿಗೆ ಮೆಟ್ಟೂರು ಜಲಾಶಯದ ಪರಿಚಯ ಬೇಕಿಲ್ಲ. 1934ರಲ್ಲಿ ಪೂರ್ತಿಯಾದ ಆ ಅಣೆ ತುಂಬುವುದು ಹೆಚ್ಚಾಗಿ ಕೊಡಗು, ವಯನಾಡುಗಳಲ್ಲಿ ಸುರಿಯುವ ಮುಂಗಾರಿನಿಂದ. ಅಲ್ಲಿ ಮಳೆ ತಪ್ಪಿದರೆ ಇಲ್ಲಿ ಜಲಾಶಯ ಇಳಿಯುತ್ತದೆ. ಊರಿನ ಬಾವಿಗಳೂ ಬತ್ತಿದರೆ ಕೊಡ ಹೊತ್ತ ಹೆಂಗಸಿನ ದಾರಿ ಉದ್ದವಾಗುತ್ತದೆ.

ಭೂಮಿ ಕಾಯುತ್ತಿರುವುದು ನಿಮಗೆ ಗೊತ್ತು. ಬಿಸಿಲನ್ನೇ ಸ್ವಲ್ಪ ತಡೆದರೆ ಹೇಗೆ ಎಂದು ಕೆಲವು ವಿಜ್ಞಾನಿಗಳು ಕೇಳುತ್ತಿದ್ದಾರೆ. ಇದೇನು ಹುಚ್ಚು ಎನ್ನುವಿರಾ? 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು, ಸುಮಾರು 2 ಕೋಟಿ ಟನ್ ಗಂಧಕದ ಅನಿಲ ಮೇಲಕ್ಕೆ ಹೋಯಿತು. ಅದರಿಂದಾದ ಸಣ್ಣ ಕಣಗಳು ಬಿಸಿಲನ್ನು ಹಿಂದಕ್ಕೆ ಕಳಿಸಿದವು. ಮರುವರ್ಷ ಭೂಮಿಯ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿಯಿತು. ಅಂಥ ಕಣಗಳನ್ನು ವಿಮಾನದಿಂದ ಹರಡುವುದೇ ಈ ಯೋಚನೆ.

ಆದರೆ ಬಿಸಿಲು ಕುಗ್ಗಿದರೆ ನೀರು ಆವಿಯಾಗುವುದೂ ಕುಗ್ಗುತ್ತದೆ. ಮಳೆಯ ಲೆಕ್ಕ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕಂಪ್ಯೂಟರಿನ ನೆರವಿನಿಂದ ಇದರ ಅಧ್ಯಯನ ನಡೆದಿದೆ. ಹಾಗಾದರೆ ಈ ಕೊಡೆ ಬಿಚ್ಚಬೇಕೋ ಬೇಡವೋ ಎಂದು ಹೇಳುವವರು ಯಾರು? ಈ ಚರ್ಚೆಯನ್ನು ಮುನ್ನಡೆಸುವವರಲ್ಲಿ ಗಂಡಸರೇ ಹೆಚ್ಚು. ಇದರ ಫಲ ಯಾರಿಗೆ, ಪೆಟ್ಟು ಯಾರಿಗೆ ಎಂದೂ ಕೇಳಬೇಕು ಎಂದು ಹಾಲಿ ಬಕ್ ಮತ್ತು ಸಂಗಡಿಗರು 2014ರಲ್ಲಿ ಬರೆದರು.

ಹೆಂಗಸರಿಗೆ ಈ ವಿದ್ಯೆ ಹೊಸದೇನಲ್ಲ. ಬಿಸಿಲನ್ನು ತಡೆಯುವ ಮೊದಲು ಅಳೆಯಬೇಕಲ್ಲ? ನಮ್ಮ ದೇಶದಲ್ಲಿ 1957-58ರ ಸುಮಾರಿಗೆ ಬಿಸಿಲನ್ನಳೆಯುವ ಕೇಂದ್ರಗಳ ಜಾಲ ಕಟ್ಟಿದವರು ಹವಾಮಾನ ಇಲಾಖೆಯ ಅನ್ನಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರ ಬಳಿ ಸಂಶೋಧನೆ ಮಾಡಿದ ಅವರಿಗೆ, ಎಂ.ಎಸ್ಸಿ. ಪದವಿಯಿಲ್ಲವೆಂದು ಡಾಕ್ಟರೇಟ್ ದೊರೆಯಲಿಲ್ಲ. ಆದರೂ ಅವರು ಆ ಇಲಾಖೆಯ ಉಪ ಮಹಾನಿರ್ದೇಶಕಿಯಾದರು.

ಪ್ರಯೋಗಾಲಯದ ಹೊರಗಿನವರ ಮಾತಿಗೂ ಬೆಲೆಯುಂಟು. 2021ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಇಂಥ ಪ್ರಯೋಗಕ್ಕೆ ಮೊದಲ ಹೆಜ್ಜೆಯಾಗಿ ಸ್ವೀಡನ್ನಿನಲ್ಲಿ ಬೆಲೂನು ಹಾರಿಸಲು ಹೊರಟರು. ಅಲ್ಲಿನ ಸಾಮಿ ಜನ, ನಮ್ಮಂತೆಯೇ ಗಡಿಯ ಎರಡೂ ಕಡೆ ಇರುವ ಅಲ್ಪಸಂಖ್ಯಾತರು, ತಮ್ಮನ್ನು ಕೇಳಲಿಲ್ಲವೆಂದು ತಡೆದರು. ದನಿಯೆತ್ತಿದವರಲ್ಲಿ ಸಾಮಿ ಮಂಡಳಿಯ ಉಪಾಧ್ಯಕ್ಷೆ ಓಸಾ ಲಾರ್ಸನ್ ಬ್ಲಿಂಡ್ ಒಬ್ಬರು. ಬೆಲೂನು ಹಾರಲಿಲ್ಲ, 2024ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

ಅಕ್ಕಂದಿರೇ, ಮಳೆಯ ಮಾತು ನಿಮ್ಮ ಕೊಡದ ಮಾತು. ಅದನ್ನು ಅಳೆಯುವ ಕಡೆ ನಿಮ್ಮ ಮಗಳಿರಲಿ. ತೀರ್ಮಾನಿಸುವ ಕಡೆ ನೀವೂ ಇರಿ.