ಮುತ್ತ್ಯಾನ ಫೋಟೊಕ್ಕೆ ಹಸಿರು ಯಾಕೆ ಹತ್ತುತ್ತದೆ?

ಜಮಖಂಡಿ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಮುತ್ತ್ಯಾ, ಆಯಿಯರ ಕರಿ-ಬಿಳಿ ಫೋಟೊ ಕಾಣುವುದು ಸಾಮಾನ್ಯ. ತುಬಚಿಯಂಥ ಕೃಷ್ಣಾ ದಂಡೆಯ ಊರುಗಳಲ್ಲಿ ಅವುಗಳ ನಕಲು ಮಾಡಿಡುವುದು ತುರ್ತಿನ ಕೆಲಸ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ತೇವ ಹಿಡಿದ ಹಳೆಯ ಫೋಟೊ ಗಾಜಿಗೇ ಅಂಟುತ್ತದೆ, ಬಿಡಿಸಹೋದರೆ ಮುಖವೇ ಕಿತ್ತು ಬರುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಪ್ರತಿ ತೆಗೆದು ಮನೆಯ ಪ್ರಿಂಟರಿನಲ್ಲಿ ಹಾಕಿಕೊಳ್ಳುವವರು ಹೆಚ್ಚಿದ್ದಾರೆ. ಆಗ ಕೇಳಿಬರುವ ದೂರು ಒಂದೇ: “ಫೋಟೊ ಹಸರ ಹೊಡ್ಯಾಕತ್ತೈತ್ರಿ.” ಕೆಲವರದು ಗುಲಾಬಿ, ಕೆಲವರದು ನೀಲಿ.

ಕಾರಣ ಪ್ರಿಂಟರಿನ ಹೊಟ್ಟೆಯಲ್ಲೇ ಇದೆ. ಹಳೆಯ ಸ್ಟುಡಿಯೋ ಪ್ರಿಂಟಿನಲ್ಲಿ ಚಿತ್ರ ಮೂಡಿಸುತ್ತಿದ್ದುದು ಬೆಳ್ಳಿಯ ಸೂಕ್ಷ್ಮ ಕಣಗಳು. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಮಾರುತ್ತಿದ್ದ ಕಾಗದದ ಗುಟ್ಟೂ ಅದೇ. ಅಲ್ಲಿ ಬೂದು ಎಂದರೆ ಬೆಳ್ಳಿ ಕಡಿಮೆ, ಕಪ್ಪು ಎಂದರೆ ಬೆಳ್ಳಿ ಹೆಚ್ಚು. ಮನೆಯ ಸಾಮಾನ್ಯ ಇಂಕ್‌ಜೆಟ್‌ನಲ್ಲಿ ಬೂದು ಬಣ್ಣದ ಇಂಕೇ ಇರುವುದಿಲ್ಲ. ಸಯಾನ್, ಮಜೆಂಟಾ, ಹಳದಿ ಇಂಕುಗಳ ಹನಿಗಳನ್ನು ಒತ್ತೊತ್ತಾಗಿ ಇಟ್ಟು ಅದು ಬೂದನ್ನು ಕಟ್ಟುತ್ತದೆ. ಮಜೆಂಟಾ ಚೂರು ಕಡಿಮೆ ಬಿದ್ದರೆ ಹಸಿರು, ಹೆಚ್ಚು ಬಿದ್ದರೆ ಗುಲಾಬಿ. ಬಣ್ಣದ ಫೋಟೊದಲ್ಲಿ ಇಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಬೀಳದು, ಬೂದಿನಲ್ಲಿ ಮಾತ್ರ ತಟ್ಟನೆ ಕಾಣುತ್ತದೆ.

ಕಪ್ಪು ಇಂಕಿನ ಬಾಟಲಿ ಇದೆಯಲ್ಲ ಎನ್ನಬಹುದು. ನಾಲ್ಕು ಬಾಟಲಿಯ ಕೆಲವು ಮಾದರಿಗಳಲ್ಲಿ ಆ ಕಪ್ಪು ಅಕ್ಷರಗಳಿಗಾಗಿಯೇ ಮಾಡಿದ ಪಿಗ್ಮೆಂಟ್ ಇಂಕು. ಗ್ಲಾಸಿ ಕಾಗದದ ಮೇಲೆ ಅದು ಕೂಡುವುದಿಲ್ಲ. ಹಾಗಾಗಿ ಪೇಪರ್ ಟೈಪ್‌ನಲ್ಲಿ ಗ್ಲಾಸಿ ಎಂದು ಕೊಟ್ಟ ಕೂಡಲೆ ಯಂತ್ರ ಆ ಬಾಟಲಿಯನ್ನು ಬಿಟ್ಟು ಉಳಿದ ಮೂರರಿಂದಲೇ ಕಪ್ಪನ್ನೂ ಮಾಡುತ್ತದೆ. ‘ಗ್ರೇಸ್ಕೇಲ್’ ಗುರುತು ಹಾಕಿದರೂ ಹಲವು ಪ್ರಿಂಟರುಗಳು ಫೋಟೊ ಕಾಗದದ ಮೇಲೆ ಬಣ್ಣದ ಇಂಕು ಬಳಸುತ್ತವೆ. ಹೀಗಾಗಿ ನನ್ನ ಮೊದಲ ಸಲಹೆ, ಗ್ಲಾಸಿಯ ಆಸೆ ಬಿಡಿ. ದಪ್ಪನೆಯ ಮ್ಯಾಟ್ ಕಾಗದ ಹಾಕಿ, ಪೇಪರ್ ಟೈಪ್‌ನಲ್ಲಿ ಪ್ಲೇನ್ ಪೇಪರ್ ಕೊಟ್ಟು, ಗ್ರೇಸ್ಕೇಲ್ ಆರಿಸಿ. ಎಚ್‌ಪಿಯಲ್ಲಿ ‘ಬ್ಲ್ಯಾಕ್ ಇಂಕ್ ಓನ್ಲಿ’ ಎಂಬ ಆಯ್ಕೆಯೇ ಇರುತ್ತದೆ. ಆಗ ಚಿತ್ರ ಬಹುಮಟ್ಟಿಗೆ ಕಪ್ಪು ಇಂಕಿನಿಂದಲೇ ಬರುತ್ತದೆ, ಬಣ್ಣ ಹತ್ತಲು ಎಡೆ ಇರುವುದಿಲ್ಲ. ಕೆನ್ನೆ, ಹಣೆಯಂಥ ತಿಳಿ ಭಾಗಗಳಲ್ಲಿ ಸಣ್ಣ ಚುಕ್ಕೆ ಕಾಣಬಹುದು, ಗೋಡೆಯ ಮೇಲೆ ನಾಲ್ಕು ಮಾರು ದೂರದಿಂದ ನೋಡುವ ಫೋಟೊಕ್ಕೆ ಅದು ಕೊರತೆಯಲ್ಲ. ಇದೇ ಸೆಟ್ಟಿಂಗನ್ನು ಗ್ಲಾಸಿ ಕಾಗದಕ್ಕೆ ಮಾತ್ರ ಕೊಡಬೇಡಿ, ಇಂಕು ಒಣಗದೆ ಕೈಗೆ ಮೆತ್ತುತ್ತದೆ.

ಗ್ಲಾಸಿಯೇ ಬೇಕೆಂದರೆ ಹೆಚ್ಚು ಶ್ರಮ ಪಡಬೇಕು. ಮೊದಲು ನಾಜಲ್ ಚೆಕ್, ಅಂದರೆ ಇಂಕು ಬೀಳುವ ರಂಧ್ರಗಳ ಪರೀಕ್ಷೆ. ನಮ್ಮ ಕಡೆಯ ಬೇಸಿಗೆಯಲ್ಲಿ ವಾರಗಟ್ಟಲೆ ಸುಮ್ಮನಿಟ್ಟ ಪ್ರಿಂಟರಿನ ಹೆಡ್‌ನಲ್ಲಿ ಇಂಕು ಒಣಗಿ ಕಟ್ಟಿಕೊಳ್ಳುತ್ತದೆ. ಒಂದು ಬಣ್ಣದ ಕೆಲವು ರಂಧ್ರ ಮುಚ್ಚಿದರೂ ಬೂದು ಕೆಟ್ಟಿತೆಂದೇ ಲೆಕ್ಕ. ವಾರಕ್ಕೊಮ್ಮೆ ಬಣ್ಣದ ಸಣ್ಣ ಪ್ರಿಂಟು ತೆಗೆಯುತ್ತಿದ್ದರೆ ಈ ತೊಂದರೆ ಕಡಿಮೆ. ಪ್ರಿಂಟರಿನಲ್ಲಿ ಹಾಕಿದ ಕಾಗದ ಮತ್ತು ಪರದೆಯಲ್ಲಿ ಆರಿಸಿದ ಹೆಸರು ಹೊಂದಬೇಕು. ಬಣ್ಣ ಸರಿಪಡಿಸುವ ಯಜಮಾನಿಕೆ ಒಬ್ಬರಿಗೇ ಇರಲಿ: ಫೋಟೊಶಾಪ್ ಮಾಡುವುದಾದರೆ ಪ್ರಿಂಟರ್ ಡ್ರೈವರ್‌ನಲ್ಲಿ ಅದನ್ನು ಆಫ್ ಮಾಡಿ. ಇಬ್ಬರೂ ತಿದ್ದಿದರೆ ತಪ್ಪು ಎರಡು ಪಟ್ಟಾಗುತ್ತದೆ.

ಮುಖ್ಯವಾದದ್ದು ಪಟ್ಟಿ ಪರೀಕ್ಷೆ. ಬಿಳಿಯಿಂದ ಕಪ್ಪಿನವರೆಗೆ ಹತ್ತು ಮೆಟ್ಟಿಲಿನ ಬೂದು ಪಟ್ಟಿಯನ್ನು ಸಣ್ಣ ಕಾಗದದ ಮೇಲೆ ತೆಗೆದು ಒಂದು ದಿನ ಒಣಗಲು ಬಿಡಿ, ಹಸಿ ಇಂಕಿನ ಬಣ್ಣ ಬೇರೆ, ಒಣಗಿದ ಮೇಲಿನದು ಬೇರೆ. ಹಸಿರು ಕಂಡರೆ ಡ್ರೈವರಿನ ಕಲರ್ ಅಡ್ಜಸ್ಟ್‌ಮೆಂಟ್‌ನಲ್ಲಿ ಮಜೆಂಟಾ ಏರಿಸಿ, ಗುಲಾಬಿ ಕಂಡರೆ ಇಳಿಸಿ, ನೀಲಿಗೆ ಹಳದಿ ಸೇರಿಸಿ, ಕೆಂಪಿಗೆ ಸಯಾನ್. ಒಮ್ಮೆಗೆ ತುಸುವೇ ಬದಲಿಸಿ. ಈ ಪಟ್ಟಿಯನ್ನು ಬಾಗಿಲ ಬಿಸಿಲಿನಲ್ಲಷ್ಟೇ ನೋಡಿದರೆ ಸಾಲದು. ಹಗಲಲ್ಲಿ ಶುದ್ಧ ಬೂದಾಗಿ ಕಂಡದ್ದು ಎಲ್‌ಇಡಿ ಬಲ್ಬಿನಡಿ ಬಣ್ಣ ತೋರಿಸಬಹುದು. ಫೋಟೊ ತೂಗುಹಾಕುವ ಗೋಡೆಯ ಹತ್ತಿರವೇ, ಅಲ್ಲಿನ ಬೆಳಕಿನಲ್ಲೇ ನೋಡಿ ತೀರ್ಮಾನಿಸಿ.

ಮೊಬೈಲಿನಲ್ಲಿ ಪ್ರತಿ ತೆಗೆಯುವಾಗಲೇ ಅರ್ಧ ಕೆಲಸ ಮುಗಿಸಬಹುದು. ಗಾಜಿನ ಮೇಲಿನ ಕುಂಕುಮ, ವಿಭೂತಿ ಒರೆಸಿ, ಫ್ಲ್ಯಾಶ್ ಇಲ್ಲದೆ, ಬಯಲಿನ ನೆರಳಲ್ಲಿ ತೆಗೆಯಿರಿ. ಆಮೇಲೆ ಸ್ಯಾಚುರೇಶನ್ ಪೂರ್ತಿ ಕೆಳಕ್ಕೆ ಇಳಿಸಿ. ಹಳೆಯ ಕಾಗದದ ಹಳದಿ ಪ್ರಿಂಟಿಗೆ ಹೋಗದಂತೆ ತಡೆಯುವುದು ಇದೇ. ಎಷ್ಟು ತಿದ್ದಿದರೂ ಹಸಿರು ಹೋಗದಿದ್ದರೆ, ಕೊನೆಗೆ ಬೇಕೆಂದೇ ತುಸು ಸೀಪಿಯಾ ಬಣ್ಣ ಸೇರಿಸಿ. ತಾನಾಗಿ ಹತ್ತಿದ ಹಸಿರಿನಲ್ಲಿ ಹಿರಿಯರ ಮುಖ ಕಾಯಿಲೆಯವರಂತೆ ಕಾಣುತ್ತದೆ, ಕಂದು ಬಣ್ಣದಲ್ಲಿ ಜೀವ ಇರುತ್ತದೆ.

ಊರಿನ ಹತ್ತಾರು ಮನೆಗಳ ಫೋಟೊ ಮಾಡಿಕೊಡುವವರು ಬೂದು ಇಂಕಿರುವ ಪ್ರಿಂಟರ್ ಕೊಳ್ಳುವುದು ಲೇಸು. ಎಪ್ಸನ್ ಎಲ್8180ರಲ್ಲಿ ಒಂದು ಬೂದು ಇಂಕಿದೆ, ಕ್ಯಾನನ್ ಪಿಕ್ಸ್‌ಮಾ ಪ್ರೊ-200ರಲ್ಲಿ ಎರಡು. ಒಂದಿಬ್ಬರ ಫೋಟೊಕ್ಕಾಗಿ ಅಷ್ಟು ಹಣ ಹಾಕಬೇಕಿಲ್ಲ. ಯಾವುದರಲ್ಲಿ ತೆಗೆದರೂ ಬಿಸಿಲು ನೇರ ಬೀಳುವ ಗೋಡೆ ಬೇಡ. ಬಣ್ಣದ ಇಂಕುಗಳು ಒಂದೇ ವೇಗದಲ್ಲಿ ಮಾಸುವುದಿಲ್ಲ, ಇಂದು ಸರಿಯಿದ್ದ ಬೂದು ಕೆಲವು ವರ್ಷಗಳಲ್ಲಿ ಮತ್ತೆ ಬಣ್ಣಕ್ಕೆ ತಿರುಗಬಹುದು. ತಿದ್ದಿದ ಫೈಲನ್ನೂ ಹೊಂದಿಸಿದ ಸೆಟ್ಟಿಂಗುಗಳನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದರೆ ಆಗ ಇನ್ನೊಂದು ಪ್ರಿಂಟು ತೆಗೆಯುವುದು ಸುಲಭ.